ಗುರುವಾರದ ಪೇಪರಿನಲ್ಲಿ ಚಿಕ್ಕತಾಯಮ್ಮನ ಹೆಸರು

ಗುರುವಾರ ಬೆಳಗಾಯಿತೆಂದರೆ ಆ ಊರಿನ ಪ್ರತಿ ಮನೆಯ ಟಪಾಲು ಡಬ್ಬಿಯೊಳಗೂ ತೆಳ್ಳನೆಯದೊಂದು ವಾರಪತ್ರಿಕೆ ಬಂದು ಬಿದ್ದಿರುತ್ತದೆ. ಜರ್ಮನಿಯ ರೆನ್ನಿಂಗೆನ್‌ನಿಂದ ಎರಡು ಸ್ಟೇಷನ್ ಆಚೆಗಿನ ಊರು, ಹೆಸರು ಬೇಡ ಬಿಡಿ. ಯಾರಿಗೆ ಎಂಬತ್ತು ತುಂಬಿತು, ಯಾವ ದಿನ ಯಾವ ಬಣ್ಣದ ಕಸದ ಡಬ್ಬಿ ಹೊರಗಿಡಬೇಕು, ಯಾರ ಬೆಕ್ಕು ಮನೆ ಬಿಟ್ಟು ಹೋಗಿದೆ, ಹಾಡುವ ಸಂಘಕ್ಕೆ ಎಷ್ಟು ಗಂಡು ದನಿ ಕಡಿಮೆ ಬಿದ್ದಿದೆ, ಇಷ್ಟೇ ಅದರ ಸುದ್ದಿ. ಪ್ರಪಂಚ ಮುಳುಗಿಹೋದರೂ ಆ ಪೇಪರಿನಲ್ಲಿ ಬರುವುದಿಲ್ಲ. ಪಕ್ಕದ ಬೀದಿಯಲ್ಲಿ ನೀರಿನ ಪೈಪು ಒಡೆದರೆ ಮಾತ್ರ ಫೋಟೋ ಸಮೇತ ಬರುತ್ತದೆ. ಊರಿನವರು ಅದನ್ನು ಬರೀ ‘ಬ್ಲಾಟ್’, ಅಂದರೆ ಹಾಳೆ, ಅನ್ನುತ್ತಾರೆ.

ನಿಶ್ಚಿತಾ ಜರ್ಮನ್ ಕಲಿತದ್ದು ಮುಕ್ಕಾಲು ಪಾಲು ಈ ಬ್ಲಾಟಿನಿಂದಲೇ. ಬೆಂಗಳೂರಿನ ವಿಜಯನಗರದಲ್ಲಿ ಬೆಳೆದವಳು, ಗಂಡ ಯಶವಂತನ ಜೊತೆ ಇಲ್ಲಿಗೆ ಬಂದು ಒಂಬತ್ತು ವರ್ಷವಾಗಿತ್ತು. ಇಬ್ಬರಿಗೂ ಕೆಲಸ, ಹನ್ನೊಂದು ವರ್ಷದ ಮಗಳು ಕೀರ್ತಿ, ಮೂರನೇ ಮಹಡಿಯಲ್ಲಿ ಬಾಡಿಗೆ ಮನೆ. ಪೌರತ್ವದ ಅರ್ಜಿ ಹಾಕಿ ಕಾಯುತ್ತಿದ್ದರು. ಜುಲೈನಲ್ಲಿ ಯಶವಂತನ ತಾಯಿ ಚಿಕ್ಕತಾಯಮ್ಮ ಮೂರು ತಿಂಗಳ ವೀಸಾದ ಮೇಲೆ ಮೈಸೂರಿನಿಂದ ಬಂದಿದ್ದರು. ಜೊತೆಯಲ್ಲಿ ಎಂಟು ಕೇಜಿ ರಾಗಿಹಿಟ್ಟು ತಂದಿದ್ದರು.

ಆಗಸ್ಟ್ ಕೊನೆಯ ಗುರುವಾರ ಸಂಜೆ ಕಾವಲಿಯ ಮೇಲೆ ದೋಸೆ ಹುಯ್ದು, ಅದು ಬೇಯುವಷ್ಟರಲ್ಲಿ ನಾಲ್ಕನೇ ಪುಟ ತಿರುಗಿಸಿದ ನಿಶ್ಚಿತಾ ಹಾಗೇ ನಿಂತುಬಿಟ್ಟಳು.

“ಯಶು, ಇಲ್ಲಿ ಬಾ. ಇದನ್ನ ಸ್ವಲ್ಪ ಓದು.”

“ಮತ್ತೆ ಕಸದ ಕ್ಯಾಲೆಂಡರಾ?”

“ಓದು ಅಂದೆ.”

ಯಶವಂತ ಓದಿದ. ಊರಿನ ಸ್ಮಶಾನದಲ್ಲಿ ಮೂರು ವಾರದಿಂದ ಗೋರಿಗಳ ಮೇಲಿನ ಹೂವುಗಳು ಕಾಣೆಯಾಗುತ್ತಿವೆಯಂತೆ. ಅದೂ ಗಿಡವಲ್ಲ, ಕಾಂಡವಲ್ಲ, ಹೂವಿನ ತಲೆ ಮಾತ್ರ. ಬೆಳಗಿನ ಹೊತ್ತು ಕೈಯಲ್ಲಿ ಚೀಲ ಹಿಡಿದ ಹೆಂಗಸೊಬ್ಬರನ್ನು ನೋಡಿದವರಿದ್ದಾರಂತೆ. ತಾವಾಗಿ ಮುಂದೆ ಬಂದು ಒಪ್ಪಿಕೊಂಡರೆ ಸರಿ, ಇಲ್ಲವಾದರೆ ಪೊಲೀಸಿಗೆ ದೂರು.

“ಹೂದಾನಿಗೆ ಇಡೋರು ಕಾಂಡ ಬಿಟ್ಟು ಬರೀ ತಲೆ ಯಾಕೆ ಕೀಳ್ತಾರೆ, ಹೇಳು?” ಅಂದಳು ನಿಶ್ಚಿತಾ.

ಇಬ್ಬರೂ ಒಟ್ಟಿಗೆ ಹಾಲಿನ ಮೂಲೆಗೆ ತಿರುಗಿದರು. ಪುಸ್ತಕದ ಕಪಾಟಿನ ಮೇಲಿನ ಹಲಗೆಯನ್ನು ಚಿಕ್ಕತಾಯಮ್ಮ ಬಂದ ದಿನವೇ ದೇವರ ಗೂಡು ಮಾಡಿಕೊಂಡಿದ್ದರು. ಚಾಮುಂಡಿಯ ಪಟದ ಸುತ್ತ ಕೆಂಪು ಗುಲಾಬಿ, ಅಂಗೈ ಅಗಲದ ಡೇಲಿಯಾ, ಚೆಂಡುಹೂವು, ಎಲ್ಲ ತೊಟ್ಟಿನಿಂದ ಚಿವುಟಿದವು.

“ಏ, ಛೆ. ಇರಲಿಕ್ಕಿಲ್ಲ,” ಅಂದ ಯಶವಂತ.

“ಮೈಸೂರಲ್ಲಿ ಏನ್ ಮಾಡ್ತಿದ್ರು, ಮರೆತ್ಯಾ? ಐದು ಗಂಟೆಗೆ ಕೊಕ್ಕೆ ಕಟ್ಟಿದ ಕೋಲು ತಗೊಂಡು ಹೊರಟ್ರೆ ಇಡೀ ಬೀದಿಯ ಕಾಂಪೌಂಡ್ ಖಾಲಿ. ಹಿಂದಿನ ಬೀದಿ ಯತಿರಾಜ್ ಮೇಷ್ಟ್ರು ದಾಸವಾಳದ ಗಿಡದ ಪಕ್ಕ ಕುರ್ಚಿ ಹಾಕ್ಕೊಂಡು ಕಾವಲು ಕೂರ್ತಿದ್ರು.”

“ಅಲ್ಲಿ ಎಲ್ರೂ ಕೀಳ್ತಾರೆ ಕಣೆ. ಮೇಷ್ಟ್ರೂ ನಮ್ಮ ಕಣಗಿಲೆ ಕೀಳ್ತಿದ್ರು.”

“ಅದನ್ನೇ ನಾನು ಹೇಳ್ತಿರೋದು. ಅಲ್ಲಿ ಅದು ಕಳ್ಳತನ ಅಲ್ಲ. ಇಲ್ಲಿ?”

ದೋಸೆ ಸೀದು ಹೋಯಿತು.

ಊಟಕ್ಕೆ ಕೂತಾಗ ನಿಶ್ಚಿತಾ ದನಿಯಲ್ಲಿ ಬೆಣ್ಣೆ ಸವರಿಕೊಂಡು ಕೇಳಿದಳು, “ಅತ್ತೆ, ದಿನಾ ಇಷ್ಟು ಚೆನ್ನಾಗಿರೋ ಹೂವು ಎಲ್ಲಿಂದ ತರ್ತೀರಾ?”

“ಒಬ್ಳು ಮುದ್ಕಿ ಕೊಡ್ತಾಳೆ ಕಣವ್ವ.”

“ಯಾರು? ಹೆಸರೇನು?”

“ಅದೇನೋ ಯೋಳ್ತಾಳೆ, ನನ್ನ ನಾಲ್ಗೆ ಹೊಳ್ಳಾಕಿಲ್ಲ. ನನ್ನೆಸ್ರು ಯೋಳ್ಕೊಟ್ರೆ ಅವಳ ಬಾಯಾಗೂ ‘ಚಿಕ್ಕಾ ಚಿಕ್ಕಾ’ ಅಂತ ಅಷ್ಟೇ ಬರೋದು.”

“ಮನೆ ಎಲ್ಲಿ ಅವರದು?”

“ಅಲ್ಲೇ, ಆ ದೊಡ್ಡ ಮರಗಳು ಅವಲ್ಲ, ಅದ್ರ ಪಕ್ಕ. ಯಾಕವ್ವ, ಪೊಲೀಸ್ನೋರಂಗೆ ಕೇಳ್ತೀಯಾ?”

“ಸುಮ್ನೆ ಕೇಳ್ದೆ.”

ದೊಡ್ಡ ಮರಗಳಿದ್ದದ್ದು ಸ್ಮಶಾನದಲ್ಲಿ. ನಿಶ್ಚಿತಾ ಗಂಡನ ಮುಖ ನೋಡಿದಳು, ಗಂಡ ತಟ್ಟೆ ನೋಡಿದ. ಕೊರೆಯುವ ಚಳಿಯಲ್ಲೂ ಬಾಗಿಲಾಚೆ ನಿಂತೇ ಮಾತು ಮುಗಿಸಿ ಕಳಿಸುವ ಜನ, ಗುರುತು ಪರಿಚಯವಿಲ್ಲದ ಸೀರೆಯುಟ್ಟ ಮುದುಕಿಗೆ ದಿನಾ ಬುಟ್ಟಿಗಟ್ಟಲೆ ಹೂವು ಕೊಡುತ್ತಾರೆಯೇ? ಒಂಬತ್ತು ವರ್ಷದಲ್ಲಿ ತನಗೆ ಒಬ್ಬರೂ ಒಂದು ಸೊಪ್ಪಿನ ಕಡ್ಡಿ ಕೊಟ್ಟಿರಲಿಲ್ಲ.

ಅನುಮಾನ ಒಮ್ಮೆ ಒಳಗೆ ಬಂತೆಂದರೆ ಕಂಡದ್ದೆಲ್ಲ ಸಾಕ್ಷಿಯೇ. ಅತ್ತೆಯ ಚಪ್ಪಲಿಗೆ ಮೆತ್ತಿದ ಕರಿ ಮಣ್ಣು, ಅವರು ಮಡಿಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗುವ ಪ್ಲಾಸ್ಟಿಕ್ ಕವರು, ಆಮೇಲೆ ಆ ಎರಡೆರಡು ಸ್ನಾನ. ಎದ್ದ ತಕ್ಷಣ ಒಂದು, ಹೊರಗಿಂದ ಬಂದ ಮೇಲೆ ಇನ್ನೊಂದು. ಶನಿವಾರ ನಿಶ್ಚಿತಾ ತಡೆಯಲಾರದೆ ಕೇಳಿಯೇಬಿಟ್ಟಳು.

“ಅತ್ತೆ, ಈಗ್ತಾನೆ ಸ್ನಾನ ಮಾಡಿದ್ರಲ್ಲ? ಬಿಸಿನೀರಿಗೆ ಇಲ್ಲಿ ಎಷ್ಟು ಬಿಲ್ ಬರುತ್ತೆ ಗೊತ್ತಾ?”

“ಆ ಜಾಗಕ್ಕೋಗಿ ಬಂದು ಮೈ ತೊಳೀದೆ ದೇವ್ರು ಮುಟ್ಟಾಕಾಯ್ತದಾ? ತಣ್ಣೀರ್ನಾಗೇ ಉಯ್ಕೊತೀನಿ ಬುಡು,” ಅಂದು ಚಿಕ್ಕತಾಯಮ್ಮ ಬಚ್ಚಲ ಬಾಗಿಲು ಹಾಕಿಕೊಂಡರು.

‘ಆ ಜಾಗ’ ಅಂದರೆ ಅದು ಸ್ಮಶಾನವೆಂದು ಅತ್ತೆಗೆ ಗೊತ್ತಿದೆ. ಗೊತ್ತಿದ್ದೂ ಹೋಗುತ್ತಿದ್ದಾರೆ. ಅಂದಿನಿಂದ ನಿಶ್ಚಿತಾ ದೇವರಿಗೆ ಕೈ ಮುಗಿಯುವುದನ್ನೂ ಬಿಟ್ಟಳು. ಹೆಣದ ಮೇಲಿನ ಹೂವಿಗೆ ಕೈ ಮುಗಿಯುವುದು ಹೇಗೆ?

ಸೋಮವಾರ ಬೆಳಿಗ್ಗೆ ಸ್ಟೇಷನ್ನಿಗೆ ಹೋಗುವಾಗ ಬೇಕೆಂದೇ ಸುತ್ತು ಹಾಕಿ ಸ್ಮಶಾನದ ಬೇಲಿ ಪಕ್ಕದ ದಾರಿ ಹಿಡಿದಳು. ಕಬ್ಬಿಣದ ಗೇಟಿನ ಸಂದಿಯಿಂದ ಕಂಡದ್ದು ಬೇರೆ ಯಾರೂ ಅಲ್ಲ. ಸೀರೆಯ ಮೇಲೆ ಯಶವಂತನ ಹಳೇ ಸ್ವೆಟರು, ತಲೆಗೆ ಮಫ್ಲರು. ಅತ್ತೆ ಒಂದು ಗೋರಿಯ ಮೇಲೆ ಬಗ್ಗಿ ಸರಸರನೆ ಏನನ್ನೋ ಕೀಳುತ್ತಿದ್ದರು, ಕವರಿಗೆ ತುಂಬುತ್ತಿದ್ದರು. ಟ್ರೈನಿಗೆ ನಾಲ್ಕೇ ನಿಮಿಷವಿತ್ತು. ಒಳಗೆ ಹೋಗಿ ಕೈ ಹಿಡಿದು ಕೇಳುವ ಧೈರ್ಯವೂ ಅವಳಿಗೆ ಬರಲಿಲ್ಲ. ಓಡಿಹೋಗಿ ಟ್ರೈನು ಹತ್ತಿದಳು.

ಸಂಜೆ ಅಡುಗೆಮನೆಯ ಬಾಗಿಲು ಮುಂದೆ ಮಾಡಿ, ಒಲೆಯ ಮೇಲಿನ ಫ್ಯಾನು ಜೋರಾಗಿ ಹಾಕಿ ಗಂಡ ಹೆಂಡತಿ ಮಾತಿಗೆ ನಿಂತರು.

“ಕಣ್ಣಾರೆ ನೋಡ್ದೆ ಯಶು. ಇನ್ನೇನು ಪ್ರೂಫ್ ಬೇಕು ನಿನಗೆ?”

“ಕೇಳಿಬಿಡೋಣ ಅವ್ವನ್ನ.”

“ಕೇಳಿದ್ನಲ್ಲ, ಮುದುಕಿ ಕೊಡ್ತಾಳೆ ಅಂದ್ರು. ನೀನು ಕೇಳು ಹಾಗಾದ್ರೆ.”

ಯಶವಂತ ಸಿಂಕಿನಲ್ಲಿ ಕೈ ತೊಳೆದ, ಮತ್ತೊಮ್ಮೆ ತೊಳೆದ. “ಕೇಳಿದ್ರೆ ಊಟ ಬಿಡ್ತಾಳೆ. ನಿನಗೆ ಗೊತ್ತಿಲ್ಲ ಅವ್ಳ ವಿಷ್ಯ.”

“ದೂರು ಕೊಟ್ರೆ? ನಾಳೆ ಪೊಲೀಸ್ ಮನೆಗೆ ಬಂದ್ರೆ? ನಮ್ಮ ಅರ್ಜಿ ಗತಿ ಏನು? ಅತ್ತೆಗೆ ಮತ್ತೆ ವೀಸಾ ಸಿಗುತ್ತಾ? ತಾವಾಗಿ ಒಪ್ಪಿಕೊಂಡ್ರೆ ಬಿಡ್ತೀವಿ ಅಂತ ಅವರೇ ಬರೆದಿದ್ದಾರೆ.”

ಹಾಲಿನಿಂದ ಚಿಕ್ಕತಾಯಮ್ಮನ ದನಿ ಬಂತು. “ಏನ್ಲಾ ಯಶ್ವಂತ, ಬಾಗ್ಲಾಕ್ಕೊಂಡು ಏನ್ ಗುಸುಗುಸು? ನನ್ ಇಸ್ಯಾನಾ?”

“ಆಫೀಸ್ ವಿಷ್ಯ ಅವ್ವ!”

ನಿಶ್ಚಿತಾ ಮೊಬೈಲಿನಲ್ಲೇ ಕಾಗದ ಬರೆದಳು. ನನ್ನ ಅತ್ತೆ ಶ್ರೀಮತಿ ಚಿಕ್ಕತಾಯಮ್ಮ, ಎಪ್ಪತ್ತೊಂದು ವರ್ಷ, ನಮ್ಮಲ್ಲಿ ಪೂಜೆಗೆ ಹೂವು ಕೀಳುವುದು ರೂಢಿ, ಈ ಜಾಗವನ್ನು ಪಾರ್ಕು ಎಂದುಕೊಂಡು ತಿಳಿಯದೆ ಕಿತ್ತಿದ್ದಾರೆ, ಅವರ ಪರವಾಗಿ ಕ್ಷಮೆ ಕೇಳುತ್ತೇವೆ. ‘ಪಾರ್ಕು ಎಂದುಕೊಂಡು’ ಎಂಬುದು ಸುಳ್ಳೆಂದು ಗೊತ್ತಿದ್ದೇ ಬರೆದಳು. ಯಶವಂತ ಓದಿ, “ಕಳಿಸು, ಮುಗೀಲಿ,” ಅಂದ. ಪ್ರಕಟಣೆಯ ಕೆಳಗೆ ಒಂದೇ ವಿಳಾಸವಿತ್ತು, ಅದಕ್ಕೇ ಕಳಿಸಿದಳು. ಅದು ಪೇಪರಿನವರ ವಿಳಾಸ. ಮಂಗಳವಾರ ಮಧ್ಯಾಹ್ನದೊಳಗೆ ಬಂದ ಓದುಗರ ಪತ್ರವನ್ನು ಅವರು ಹೆಸರು ಸಮೇತ ಅಚ್ಚು ಹಾಕುತ್ತಾರೆ. ಹೆಸರಿಲ್ಲದ ಪತ್ರವನ್ನು ಹಾಕುವುದೇ ಇಲ್ಲ. ಒಂಬತ್ತು ವರ್ಷ ಆ ಪುಟ ಓದಿದವಳಿಗೆ ಆ ಗಳಿಗೆಯಲ್ಲಿ ಅದು ಹೊಳೆಯಲಿಲ್ಲ ನೋಡಿ.

ಗುರುವಾರ ನಿಶ್ಚಿತಾ ಮನೆಯಿಂದಲೇ ಕೆಲಸ ಮಾಡುತ್ತಿದ್ದಳು. ಚಿಕ್ಕತಾಯಮ್ಮ ಬೆಳಗಿನ ತಿರುಗಾಟ ಮುಗಿಸಿ ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತಾ ಬಂದರು. ಒಂದು ಕೈಯಲ್ಲಿ ಹೂವು, ಇನ್ನೊಂದರಲ್ಲಿ ಬ್ಲಾಟು. ಮುಖ ಊರಗಲವಾಗಿತ್ತು.

“ಲೇ ಕೀರ್ತಿ, ಬಾರೆ ಇಲ್ಲಿ! ನನ್ನೆಸ್ರು ಪೇಪರ್ನಾಗೆ ಬಂದೈತಂತೆ! ಆ ಮುದ್ಕಿ ತೋರ್ಸುದ್ಲು. ಇದ್ನ ತಟ್ಟಿ, ನನ್ನ ಎದೆ ತಟ್ಟಿ, ಚಿಕ್ಕಾ ಚಿಕ್ಕಾ ಅಂತ ಕೈ ಹಿಡ್ಕೊಂಡು ಕಣ್ಣಾಗೆ ನೀರು ತಂದ್ಕೊಂಡ್ಲು ಕಣೆ.”

ಕೀರ್ತಿ ಆಗಲೇ ಬೆರಳಿಟ್ಟು ಓದಲು ಶುರು ಮಾಡಿದ್ದಳು. “ಯಾ, ಇಲ್ಲಿ ಅಜ್ಜಿ ಹೆಸರು ಇದೆ! ಚಿಕ್‌-ಕ-ತಾ...”

ನಿಶ್ಚಿತಾ ಪೇಪರು ಕಿತ್ತುಕೊಂಡಳು. “ಏನಿಲ್ಲ ಅತ್ತೆ, ನಮ್ಮೂರಿಗೆ ಅತಿಥಿಯಾಗಿ ಬಂದಿದ್ದಾರೆ, ಸ್ವಾಗತ ಅಂತ ಹಾಕಿದ್ದಾರೆ.”

“ನೈನ್, ಇಲ್ಲ ಮಮ್ಮಾ, ಹಾಗೆ ಬರೆದಿಲ್ಲ.”

“ನೀನು ಹೋಗಿ ಹಲ್ಲುಜ್ಜು.”

ಚಿಕ್ಕತಾಯಮ್ಮ ಸೊಸೆಯನ್ನೂ ಮೊಮ್ಮಗಳನ್ನೂ ಒಂದು ಗಳಿಗೆ ನೋಡಿದರು. ಆಮೇಲೆ, “ಕೊಡಿಲ್ಲಿ, ಒಂದು ಪೋಟೋ ಹೊಡ್ಕೊತೀನಿ,” ಅಂದರು. ಬೇಡ ಅನ್ನಲು ಯಾವ ಕಾರಣವೂ ನಿಶ್ಚಿತಾಗೆ ತೋಚಲಿಲ್ಲ. ಹತ್ತು ನಿಮಿಷದಲ್ಲಿ ಫೋಟೋ ವಾಟ್ಸಾಪಿನ ಕುಟುಂಬದ ಗುಂಪಿಗೆ ಹೋಯಿತು. ಜೊತೆಗೆ ಒಂದು ವಾಯ್ಸ್ ಮೆಸೇಜು, “ಬಂದು ಎಲ್ಡು ತಿಂಗ್ಳಾಗಿಲ್ಲ, ಜರ್ಮನಿ ಪೇಪರ್ನೋರು ನನ್ನೆಸ್ರು ಹಾಕವ್ರೆ.” ಮೈಸೂರು, ಮಂಡ್ಯ, ಬೆಂಗಳೂರಿನಿಂದ ಮುಗಿದ ಕೈಗಳು, ಹೂಗುಚ್ಛಗಳು ಬಂದು ಬಿದ್ದವು. ಯಶವಂತ ಆಫೀಸಿನಿಂದ ಫೋನು ಮಾಡಿ, “ಅಲ್ಲಿ ಯಾರಿಗೂ ಜರ್ಮನ್ ಬರಲ್ಲ ಬಿಡು,” ಅಂದ.

ಜರ್ಮನ್ ಬರಬೇಕಾಗಿರಲಿಲ್ಲ. ಫೋಟೋಗೆ ಮೊಬೈಲು ಹಿಡಿದರೆ ಅದೇ ಓದಿ ಹೇಳುವ ಕಾಲ ಇದು. ಶನಿವಾರ ಮಧ್ಯಾಹ್ನ ಮುದ್ದೆ ಬಸ್ಸಾರಿನ ಮುಂದೆ ನಾಲ್ವರೂ ಕೂತಿದ್ದಾಗ ಚಿಕ್ಕತಾಯಮ್ಮನ ನಾದಿನಿ ಅಂಬವ್ವನ ಫೋನು ಬಂತು. ಕೈ ಎಂಜಲಾಗಿದ್ದರಿಂದ ಚಿಕ್ಕತಾಯಮ್ಮ ಸ್ಪೀಕರ್ ಹಾಕಿಸಿದರು.

“ಅತ್ತಿಗೆಮ್ಮ, ಏನ್ ಮಾಡ್ಕೊಂಡ್ರಿ ಅಲ್ಲಿ? ನಮ್ಮ ಹುಡ್ಗ ಚಂದನ್ ಮೊಬೈಲ್ನಾಗೆ ಓದಿ ಯೋಳ್ದ. ಮಸಾಣದ ಗುಡ್ಡೆ ಮ್ಯಾಲಿನ ಹೂವ ಕದ್ದು ದೇವ್ರಿಗಿಕ್ಕುದ್ರಂತೆ, ತಪ್ಪಾಯ್ತು ಅಂತ ಬರ್ಕೊಟ್ಟವ್ರಂತೆ. ಗ್ರೂಪ್ನಾಗೆ ಎಲ್ರೂ ಓದವ್ರೆ. ನಿಜ್ವಾ?”

ಯಶವಂತ ಕೈ ಚಾಚಿ ಫೋನು ಆರಿಸಿದ. ತಡವಾಗಿತ್ತು.

“ಯಾರ್ ಬರ್ಕೊಟ್ಟಿದ್ದು?” ಅಂದರು ಚಿಕ್ಕತಾಯಮ್ಮ.

ಯಶವಂತ ಸಾರಿನ ಸೌಟಿಗೆ ಕೈ ಹಾಕಿದ.

“ಯಾರ್ಲಾ ಬರ್ಕೊಟ್ಟಿದ್ದು?”

“ನಾನೇ ಅತ್ತೆ,” ಅಂದಳು ನಿಶ್ಚಿತಾ. “ಪೊಲೀಸಿಗೆ ಕೊಡ್ತೀವಿ ಅಂದಿದ್ರು. ನಿಮ್ಮ ಒಳ್ಳೇದಕ್ಕೇ... ನಾನೇ ನೋಡಿದ್ದೆ. ಸೋಮವಾರ ನೀವು ಗೋರಿ ಮೇಲೆ ಬಗ್ಗಿ ಕೀಳ್ತಿದ್ರಿ.”

“ಕಳೆ ಕೀಳ್ತಿದ್ದೆ ಕಣೆ! ಅದು ಆ ಮುದ್ಕಿ ಗಂಡನ ಗುಡ್ಡೆ. ಅವಳಿಗೆ ಮಂಡಿ ಬಗ್ಗಾಕಿಲ್ಲ, ನೀರಿನ ಬಿಂದ್ಗೆ ಎತ್ತಾಕಾಗಾಕಿಲ್ಲ. ನಾನ್ ನೀರೊಯ್ತೀನಿ, ಕಳೆ ಕಿತ್ತು ಕವರ್ಗಾಕಿ ಬಿಸಾಕ್ತೀನಿ. ಆಮ್ಯಾಕೆ ಕೈಕಾಲು ತೊಳ್ಕೊಂಡು ಅವಳ ಮನೆ ಹಿತ್ತಲ್ಗೋಗ್ತೀನಿ, ಬುಟ್ಟಿ ಕೊಡ್ತಾಳೆ, ಬೇಕಾದಷ್ಟು ಕುಯ್ಕೊ ಅಂತಾಳೆ.” ಅವರು ತಟ್ಟೆ ಸರಿಸಿದರು. “ಕದ್ದೆ ಅಂದ್ರೆ ಅನ್ಲಿ, ಮೈಸೂರ್ನಾಗೆ ಕಂಡೋರ ದಾಸವಾಳ ಕಿತ್ತಿವ್ನಿ. ಆದ್ರೆ ಹೆಣದ ಮ್ಯಾಲಿನ ಹೂವ ತಂದು ಚಾಮುಂಡಿಗೆ ಇಕ್ಕೋಳಾ ನಾನು? ಮಸಾಣ ತುಳಿದೋಳು ಅಂತ ದಿನಾ ಎಲ್ಡೆಲ್ಡು ಕಿತ ಮೈ ತೊಳ್ಕೊಂಡ್ನಲ್ಲೇ. ನನ್ನ ಹೊಟ್ಟೇಲಿ ಹುಟ್ಟಿದೋನು ನೀನೂ ನಂಬ್ಬುಟ್ಯಾ?”

ಚಿಕ್ಕತಾಯಮ್ಮ ತಟ್ಟೆ ತೆಗೆದುಕೊಂಡು ಎದ್ದು ಹೋದರು.

ಆಮೇಲಿನ ದಿನಗಳಲ್ಲಿ ಆ ಮನೆ ಮನೆಯಾಗಿರಲಿಲ್ಲ. ಚಿಕ್ಕತಾಯಮ್ಮ ಅಡುಗೆ ಮಾಡುತ್ತಿದ್ದರು, ಪಾತ್ರೆ ಬೆಳಗುತ್ತಿದ್ದರು, ತಮಗೆ ಒಂದು ಲೋಟ ಗಂಜಿ ಸಾಕು ಅನ್ನುತ್ತಿದ್ದರು. ದೇವರ ಗೂಡಿನ ಕಡೆ ಸುಳಿಯಲಿಲ್ಲ. ಮಂಗಳವಾರ ಗೌರಿ ಹಬ್ಬ ಬಂತು. ನಿಶ್ಚಿತಾ ಅಂಗಡಿಯಿಂದ ಗುಲಾಬಿ ಕಟ್ಟು ತಂದು, ಬೆಲೆಯ ಚೀಟಿ ಕಿತ್ತು ಮುಂದಿಟ್ಟಳು.

“ಪೂಜೆ ಮಾಡಿ ಅತ್ತೆ.”

“ನೀನೇ ಮಾಡವ್ವ. ನನ್ ಕೈ ಮಸಾಣದ ಕೈ.”

ಹಾಗಿದ್ದರೂ ಅತ್ತೆ ಹೇಳಿದ್ದು ಪೂರ್ತಿ ನಿಜವೇ ಎಂಬ ಅನುಮಾನದ ಎಳೆ ನಿಶ್ಚಿತಾಳ ಮನಸ್ಸಿನಿಂದ ಹೋಗಿರಲಿಲ್ಲ; ಕಳೆಯ ಜೊತೆಗೆ ನಾಲ್ಕು ಗುಲಾಬಿಯೂ ಬಂದಿರಬಹುದಲ್ಲ? ನಾಚಿಕೆಯಾದರೂ ಹಾಗೆ ಯೋಚಿಸುತ್ತಲೇ ಇದ್ದಳು. ಅತ್ತೆಯೂ ಅವಳನ್ನು ಹಾಗೇ ನೋಡುತ್ತಿದ್ದರು. ನಿಶ್ಚಿತಾ ಫೋನು ಕೈಗೆತ್ತಿಕೊಂಡರೆ ಸಾಕು, “ಇನ್ಯಾರಿಗೆ ಬರೀತಾಳೆ ಕೇಳು,” ಅಂತ ಕೀರ್ತಿಗೆ ಹೇಳುತ್ತಿದ್ದರು. ಯಶವಂತನಿಗೆ ಒಂದೇ ಮಾತು. “ಟಿಕೆಟ್ ಈಗ್ಲೇ ಮಾಡ್ಸು. ಹೋಯ್ತೀನಿ.”

“ಹೋಗಿ ಅಲ್ಲಿ ಏನಂತೀಯವ್ವ ಎಲ್ರಿಗೂ?”

“ಅದ್ನ ನೀವು ಬರ್ಯೋಕ್ಕೆ ಮುಂಚೆ ಯೋಚ್ನೆ ಮಾಡ್ಬೇಕಿತ್ತು.”

ಮುಂದಿನ ಗುರುವಾರ ನಿಶ್ಚಿತಾ ಮೆಟ್ಟಿಲಿಳಿದು ಹೋಗಿ ಬ್ಲಾಟು ತೆಗೆದು, ಡಬ್ಬಿಯ ಮುಂದೆಯೇ ನಿಂತು ಪುಟ ಬಿಡಿಸಿದಳು. ಸ್ಮಶಾನದಲ್ಲಿ ಅರಣ್ಯ ಇಲಾಖೆಯವರು ಕ್ಯಾಮೆರಾ ಕಟ್ಟಿದ್ದರಂತೆ. ಕಪ್ಪುಬಿಳಿ ಫೋಟೋದಲ್ಲಿ ಎರಡು ಜಿಂಕೆಗಳು ಗೋರಿಯ ಗುಲಾಬಿಗೆ ಬಾಯಿ ಹಾಕಿ ನಿಂತಿದ್ದವು. ಜಿಂಕೆಗಳಿಗೆ ಗುಲಾಬಿಯ ತಲೆ ಎಂದರೆ ಮಿಠಾಯಿಯಂತೆ, ಕಾಂಡ ಮುಟ್ಟುವುದಿಲ್ಲವಂತೆ. ಅದರ ಕೆಳಗೆ ಒಂದು ಓದುಗರ ಪತ್ರ. ಹೇಫೆಲೆ ಎಂಬ ಎಂಬತ್ತಾರು ವರ್ಷದ ಮುದುಕಿ ಬರೆದಿದ್ದರು. ‘ಈ ಹೆಂಗಸು ಒಂದೂವರೆ ತಿಂಗಳಿಂದ ಕೇಳದೆಯೇ ನನ್ನ ಗಂಡನ ಗೋರಿಗೆ ನೀರು ಹೊತ್ತಿದ್ದಾರೆ. ಹೂವು ನನ್ನ ತೋಟದ್ದು, ನಾನೇ ಕೊಟ್ಟದ್ದು. ಕಳೆದ ವಾರ ಅವರ ಹೆಸರಿನಲ್ಲಿ ಬಂದ ಕ್ಷಮಾಪಣೆಯನ್ನು ಅವರಿಗೆ ತೋರಿಸಿದೆ. ಅದರಲ್ಲಿ ಏನಿದೆಯೆಂದು ಅವರಿಗೆ ಗೊತ್ತಿರಲಿಲ್ಲ. ಅದನ್ನು ಬರೆದವರು ನನ್ನನ್ನು ಒಂದು ಮಾತು ಕೇಳಬಹುದಿತ್ತು.’

ನಿಶ್ಚಿತಾ ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತಳು. ನಾಚಿಕೆಗೆ ಅತ್ತಳು, ಅತ್ತೆಯ ಗಂಜಿಯ ಲೋಟ ನೆನೆಸಿಕೊಂಡೂ ಅತ್ತಳು. ಆಮೇಲೆ ಮೇಲೆ ಬಂದು, ಇಡೀ ಪುಟವನ್ನು ಅತ್ತೆಗೆ ಕನ್ನಡದಲ್ಲಿ ಓದಿ ಹೇಳಿದಳು. ಯಶವಂತನೂ ಬಂದು ನಿಂತ.

“ತಪ್ಪಾಯ್ತು ಅತ್ತೆ. ಇದನ್ನೂ ಗ್ರೂಪಿಗೆ ಹಾಕ್ತೀನಿ, ಎಲ್ರೂ ಓದಲಿ.”

ಚಿಕ್ಕತಾಯಮ್ಮ ಜಿಂಕೆಯ ಫೋಟೋದ ಮೇಲೆ ಬೆರಳಿಟ್ಟರು. “ಜಿಂಕೆಯೋರು ತಿಂದ್ರು, ಮುದ್ಕಿ ಬರುದ್ಲು. ಸರಿ. ನೀವೇನ್ ಬರುದ್ರಿ?”

“ಅಂದ್ರೆ?”

“ಕಳ್ಳಿ ಅಂತ ಬರ್ಯೋಕೆ ನಿಮ್ಗೆ ಪೇಪರ್ ಬೇಕಾಯ್ತು. ಅಲ್ಲ ಅಂತ ಬರ್ಯೋಕೆ ಅಡುಗೆಮನೆ ಸಾಕಾ? ಬರೀರಿ. ನಾನ್ ಯೋಳ್ತೀನಿ. ನಿಮ್ಮೆಸ್ರು ಹಾಕಿ ಬರೀರಿ.”

“ಅವ್ವ,” ಅಂದ ಯಶವಂತ, “ಪೇಪರಿನಲ್ಲಿ ನಾವೇ ಸುಳ್ಳು ಬರೆದ್ವಿ ಅಂತ ಹೆಸರು ಹಾಕಿದ್ರೆ, ನನ್ನ ಆಫೀಸ್ನೋರು ಓದ್ತಾರೆ. ಅರ್ಜಿ ನೋಡೋರೂ ಇದೇ ಊರಿನೋರು...”

“ನನ್ನೆಸ್ರು ಓದ್ನಿಲ್ವಾ ಅವ್ರು?”

ಭಾನುವಾರ ಬೆಳಿಗ್ಗೆ ತಿಂಡಿಯ ಪಾತ್ರೆ ಸರಿಸಿ ನಿಶ್ಚಿತಾ ಲ್ಯಾಪ್‌ಟಾಪು ಮುಂದಿಟ್ಟುಕೊಂಡಳು. ಚಿಕ್ಕತಾಯಮ್ಮ ಒಂದೊಂದೇ ಮಾತು ಹೇಳಿದರು, ಅವಳು ಜರ್ಮನ್ನಿಗೆ ತಿರುಗಿಸಿ ಬರೆದಳು. ಬರೆದು ಮುಗಿದ ಮೇಲೆ ಅತ್ತೆ ಅವಳಿಗೆ ಓದು ಅನ್ನಲಿಲ್ಲ.

“ಕೀರ್ತಿ, ಬಾರವ್ವ. ನಿಮ್ಮಮ್ಮ ಏನ್ ಬರ್ದವ್ಳೆ ಅಂತ ನೀನು ಓದಿ ಯೋಳು.”

ಕೀರ್ತಿ ಅಮ್ಮನ ಮುಖ ನೋಡಿ, ಅಜ್ಜಿಯ ಮುಖ ನೋಡಿ, ತಡೆತಡೆದು ಕನ್ನಡಕ್ಕೆ ತಂದಳು. “ಒಂದು... ಮಿಸ್‌ಅಂಡರ್‌ಸ್ಟ್ಯಾಂಡಿಂಗ್ ಆಯ್ತು ಅಂತ ಇದೆ ಅಜ್ಜಿ.”

“ಅಂಗಂದ್ರೆ?”

“ಯಾರದೂ ತಪ್ಪಲ್ಲ, ಹಾಗೇ ಆಯ್ತು ಅಂತ.”

“ನಾನ್ ಅಂಗೆ ಯೋಳ್ದ್ನಾ ನಿಶ್ಚಿತಾ?”

“ಇಲ್ಲ ಅತ್ತೆ.”

ಅಳಿಸಿದಳು. ಮತ್ತೆ ಬರೆದಳು. ಯಶವಂತ ಹಿಂದೆ ನಿಂತು ಓದಿದ. ಕೀರ್ತಿ ಪರದೆಗೆ ಮೂಗು ತಾಗುವಷ್ಟು ಬಗ್ಗಿ ಓದಿ ಹೇಳಿದಳು.

“ಅಜ್ಜಿ ಹೂವು ಕದ್ದಿಲ್ಲ. ಒಬ್ಬರು ಕೊಡ್ತಾರೆ ಅಂತ ಅಜ್ಜಿ ನಮಗೆ ಮೊದ್ಲೇ ನಿಜ ಹೇಳಿದ್ರು. ನಾವು ಅವರನ್ನ ನಂಬಲಿಲ್ಲ. ಅವರನ್ನ ಕೇಳದೆ ಅವರ ಹೆಸರಲ್ಲಿ ಕ್ಷಮೆ ಕೇಳಿದ್ವಿ. ತಪ್ಪು ಮಾಡಿದ್ದು ನಾವು. ಆಮೇಲೆ ಹೆಸರು ಇದೆ, ಮಮ್ಮಾದು, ಪಪ್ಪಾದು.”

“ಪೂರ್ತಿ ಹೆಸ್ರೈತಾ? ಮನೆ ನಂಬ್ರು?”

“ಇದೆ ಅಜ್ಜಿ.”

“ಕಳ್ಸು,” ಅಂದರು ಚಿಕ್ಕತಾಯಮ್ಮ.

ನಿಶ್ಚಿತಾ ಕಳಿಸಿದಳು. “ಹೋಯ್ತು ಅತ್ತೆ,” ಅಂದಳು.

ಚಿಕ್ಕತಾಯಮ್ಮ ಅವಳ ಕಡೆ ನೋಡಲಿಲ್ಲ. ಮೊಮ್ಮಗಳ ಗಲ್ಲ ಹಿಡಿದು ತಮ್ಮ ಕಡೆ ತಿರುಗಿಸಿಕೊಂಡು ಕೇಳಿದರು, “ಹೋಯ್ತೇನವ್ವ? ನೀನು ನೋಡ್ದ್ಯಾ?”